ಡ್ಯಾಂ ನೀರಿಗೆ ಲೆಕ್ಕ ಇದೆ, ಹಕ್ಕಿಗೆ ಯಾಕಿಲ್ಲ?

ಮಳೆಗಾಲ ಶುರುವಾಯ್ತು ಅಂದ್ರೆ ನಮ್ಮ ಸ್ಕ್ರೀನ್ ಕೆಳಗಡೆ ಒಂದು ಪಟ್ಟಿ ಓಡೋಕೆ ಶುರುವಾಗುತ್ತೆ. ಕೆಆರ್‌ಎಸ್ ಇಷ್ಟು ಅಡಿ, ತುಂಗಭದ್ರಾ ಇಷ್ಟು ಅಡಿ, ಭದ್ರಾ ಇಷ್ಟು ಅಡಿ. ಭದ್ರಾ ಜಲಾಶಯದ ಗರಿಷ್ಠ ಮಟ್ಟ 186 ಅಡಿ. ಇವತ್ತಿನ ಮಟ್ಟ ಎಷ್ಟು, ಒಳಹರಿವು ಎಷ್ಟು ಕ್ಯೂಸೆಕ್, ನಿನ್ನೆಗಿಂತ ಎಷ್ಟು ಏರಿದೆ. ದಾವಣಗೆರೆಯ ಭತ್ತದ ರೈತರು ಊಟ ಬಿಟ್ಟಾದರೂ ಆ ಸಾಲು ಓದ್ತಾರೆ. ಯಾಕಂದ್ರೆ ಅವರ ವರ್ಷದ ಬದುಕು ಆ ಒಂದು ಅಂಕಿಯ ಮೇಲೆ ನಿಂತಿದೆ.

ಆದರೆ ವೀಕ್ಷಕರೇ, ಅದೇ ಅಂಕಿಯ ಮೇಲೆ ಇನ್ನೊಂದು ಜೀವದ ಬದುಕೂ ನಿಂತಿದೆ. ಅದಕ್ಕೆ ಟಿವಿ ಇಲ್ಲ, ಸಂಘ ಇಲ್ಲ, ಹೆದ್ದಾರಿ ತಡೆದು ಪ್ರತಿಭಟನೆ ಮಾಡೋಕೂ ಬರಲ್ಲ. ಅದರ ಹೆಸರು ರಿವರ್ ಟರ್ನ್. ಕನ್ನಡದಲ್ಲಿ ರೀವ ಅಂತಾರೆ.

ಇವತ್ತು ಈ ಹಕ್ಕಿಯ ಮಾತು. ಜೊತೆಗೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಜನ ಇದಕ್ಕೆ ಏನು ಮಾಡಬಹುದು ಅನ್ನೋ ಮಾತು.

ಮೊದಲು ನಕ್ಷೆ ಕಣ್ಣ ಮುಂದೆ ತಂದುಕೊಳ್ಳಿ. ತುಂಗೆ, ಭದ್ರೆ ಎರಡೂ ಹುಟ್ಟೋದು ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ಅರಬ್ಬೀ ಸಮುದ್ರ ಹತ್ತಿರದಲ್ಲೇ ಇದ್ದರೂ ಎರಡೂ ಅದಕ್ಕೆ ಬೆನ್ನು ಹಾಕಿ ಪೂರ್ವಕ್ಕೆ ಹೊರಡ್ತವೆ. ತುಂಗೆ ಶೃಂಗೇರಿ, ಹರಿಹರಪುರ, ತೀರ್ಥಹಳ್ಳಿ ದಾಟಿ ಹೋಗ್ತಾಳೆ. ಭದ್ರೆ ಕಳಸ, ಬಾಳೆಹೊನ್ನೂರು ದಾಟಿ ಲಕ್ಕವಳ್ಳಿಯಲ್ಲಿ ಅಣೆಕಟ್ಟಿಗೆ ಸಿಕ್ಕಿ ನಿಲ್ತಾಳೆ. ಆ ನಿಂತ ನೀರು ಹಿಂದಕ್ಕೆ ಹರಡಿಕೊಂಡು ಎನ್‌.ಆರ್‌.ಪುರದವರೆಗೂ ಬರುತ್ತೆ. ಸುಮಾರು 71.5 ಟಿಎಂಸಿ ಅಡಿ ನೀರು ಹಿಡಿಯೋ ಜಾಗ. ಮಲೆನಾಡಿನವರಿಗೆ ಕಡಲು ಘಟ್ಟದ ಕೆಳಗಿರಬಹುದು, ಆದರೆ ಕಡಲಂಥ ತೀರ ಎನ್‌.ಆರ್‌.ಪುರದ ಪಕ್ಕದಲ್ಲೇ ಇದೆ. ಈ ತೀರಕ್ಕಾಗಿ ಎಷ್ಟೋ ಮನೆ, ಗದ್ದೆ, ತೋಟ ಮುಳುಗಿದವು ಅನ್ನೋದನ್ನ ಆ ಊರಿನ ಹಿರಿಯರಿಗೆ ನಾನು ಹೇಳಿಕೊಡಬೇಕಿಲ್ಲ.

ಈಗ ಹಕ್ಕಿಗೆ ಬರೋಣ. ಬೂದು ಬಣ್ಣದ ಬೆನ್ನು, ತಲೆ ಮೇಲೆ ಕಪ್ಪು ಟೋಪಿ, ಹಳದಿ ಕೊಕ್ಕು, ಕೆಂಪು ಕಾಲು, ಕವಲೊಡೆದ ಉದ್ದ ಬಾಲ. ನೀರಿನ ಮೇಲೆ ಹಾರ್ತಾ ಹಾರ್ತಾ ತಟ್ಟನೆ ಕೆಳಗೆ ಬಿದ್ದಂತೆ ಎರಗಿ ಮೀನು ಎತ್ತಿಕೊಂಡು ಹೋಗುತ್ತೆ. ಇದು ಮರದ ಮೇಲೆ ಗೂಡು ಕಟ್ಟಲ್ಲ. ಬರೀ ನೆಲದ ಮೇಲೆ, ಕಲ್ಲು ಮರಳಿನ ನಡುವೆ ಚಿಕ್ಕ ಗುಳಿ ಮಾಡಿ ಎರಡೋ ಮೂರೋ ಮೊಟ್ಟೆ ಇಡುತ್ತೆ. ಮೊಟ್ಟೆಯ ಬಣ್ಣವೂ ಕಲ್ಲಿನ ಬಣ್ಣವೇ. ಪಕ್ಕದಲ್ಲೇ ನಿಂತರೂ ಕಾಣಲ್ಲ, ಕಾಲಿಟ್ಟ ಮೇಲಷ್ಟೇ ಗೊತ್ತಾಗುತ್ತೆ.

ಇಷ್ಟು ಬಯಲಲ್ಲಿ ಮೊಟ್ಟೆ ಇಡೋ ಹಕ್ಕಿಗೆ ರಕ್ಷಣೆ ಎಲ್ಲಿಂದ ಬರಬೇಕು? ಸುತ್ತ ಇರೋ ನೀರಿನಿಂದ. ಅದಕ್ಕೇ ಅದು ದ್ವೀಪ ಹುಡುಕುತ್ತೆ. ಭದ್ರಾ ಹಿನ್ನೀರಿನಲ್ಲಿ ಮಳೆಗಾಲ ಕಳೆದಾಗ ಈ ದ್ವೀಪಗಳು ನೀರಿನಡಿ ಇರ್ತವೆ. ಬೇಸಿಗೆ ಬೆಳೆಗೆ ನಾಲೆಗೆ ನೀರು ಬಿಟ್ಟಂತೆ ಮಟ್ಟ ಇಳಿಯುತ್ತೆ, ಗುಡ್ಡದ ನೆತ್ತಿಗಳು ಒಂದೊಂದಾಗಿ ಮೇಲೇಳ್ತವೆ. ಆಗ ರೀವಗಳು ಗುಂಪುಗುಂಪಾಗಿ ಬಂದು ಇಳಿಯುತ್ತವೆ. ಫೆಬ್ರವರಿಯಿಂದ ಮೇವರೆಗೆ ಅವುಗಳ ಬಾಣಂತನದ ಕಾಲ. ಲಕ್ಕವಳ್ಳಿಯಲ್ಲಿ ಜಂಗಲ್ ಲಾಡ್ಜಸ್‌ನವರ ವಸತಿಗೆ ರಿವರ್ ಟರ್ನ್ ಲಾಡ್ಜ್ ಅಂತಲೇ ಹೆಸರು.

ನಾನು ಎಂಜಿನಿಯರಿಂಗ್ ಓದಿದವನು. ಹಾಗಾಗಿ ನನಗೆ ಇದು ಒಂದು ಗ್ರಾಫ್ ಥರ ಕಾಣುತ್ತೆ. ನೀರು ಜಾಸ್ತಿ ಇದ್ದರೆ ದ್ವೀಪ ಮೇಲೆ ಬರಲ್ಲ, ಮೊಟ್ಟೆ ಇಡೋಕೆ ಜಾಗ ಇಲ್ಲ. ನೀರು ತೀರಾ ಇಳಿದರೆ ದ್ವೀಪ ದಡಕ್ಕೆ ಅಂಟಿಕೊಳ್ಳುತ್ತೆ. ನಾಯಿ, ನರಿ, ಕಾಡುಹಂದಿ ನಡೆದುಕೊಂಡೇ ಬರ್ತವೆ. ಮರಿ ಹಾರೋದಕ್ಕೆ ಮೊದಲೇ ಮಳೆ ಬಂದು ನೀರು ಏರಿದರೆ ಗೂಡು ಮುಳುಗುತ್ತೆ. ಈ ಅಂಚುಗಳ ನಡುವೆ ಒಂದು ಸಣ್ಣ ಕಿಟಕಿ ಇದೆ. ಆ ಕಿಟಕಿಯಲ್ಲೇ ಮೊಟ್ಟೆ ಒಡೀಬೇಕು, ಮರಿ ಬೆಳೀಬೇಕು, ರೆಕ್ಕೆ ಬಲೀಬೇಕು. ಮೊಟ್ಟೆಗೆ ಕಾವು ಕೊಡೋಕೇ ಸುಮಾರು ಮೂರು ವಾರ ಬೇಕು.

ಮಳೆ ನಮ್ಮ ಕೈಲಿಲ್ಲ. ನೀರು ಬಿಡೋ ನಿರ್ಧಾರ ರೈತರ ಹೊಟ್ಟೆಪಾಡಿನ ಪ್ರಶ್ನೆ, ಅದನ್ನ ನಾನು ಪ್ರಶ್ನಿಸ್ತಿಲ್ಲ. ಹಾಗಾದ್ರೆ ನಮ್ಮ ಕೈಲಿರೋದು ಯಾವುದು? ನಾವು. ನಾವು ಅಲ್ಲಿಗೆ ಹೋಗೋದು, ಹೋಗದೇ ಇರೋದು.

ಇಲ್ಲಿ ನನ್ನದೇ ಒಂದು ತಪ್ಪು ಹೇಳಿಕೊಳ್ಳಬೇಕು. ಕೆಲವು ವರ್ಷದ ಹಿಂದೆ, ಮಾರ್ಚ್ ತಿಂಗಳು, ಒಂದು ಸ್ಟೋರಿಗೆ ಅಂತ ದೋಣಿಯಲ್ಲಿ ಹಿನ್ನೀರಿಗೆ ಹೋಗಿದ್ದೆವು. ದೂರದಿಂದ ದ್ವೀಪದ ಮೇಲೆ ಬಿಳಿ ಚುಕ್ಕೆಗಳು ಕಂಡವು. ದೋಣಿಯವರು ಹುಟ್ಟು ನಿಲ್ಲಿಸಿ, "ಇಷ್ಟೇ ಸಾಕು ಸಾರ್, ಮೊಟ್ಟೆ ಇಟ್ಟಿರ್ತಾವೆ" ಅಂದರು. ನಮಗೆ ಕ್ಲೋಸಪ್ ಬೇಕಿತ್ತು. "ಇನ್ನು ಸ್ವಲ್ಪ, ಇನ್ನು ಸ್ವಲ್ಪ" ಅಂತ ಒತ್ತಾಯ ಮಾಡಿದೆವು. ಅಷ್ಟೂ ಹಕ್ಕಿ ಒಟ್ಟಿಗೆ ಮೇಲೆದ್ದವು. ತಲೆ ಮೇಲೆ ಕಿರುಚಾಡ್ತಾ ಸುತ್ತಿದವು. ನಮ್ಮ ಕ್ಯಾಮೆರಾಮನ್ ಖುಷಿಯಿಂದ ರೋಲ್ ಮಾಡ್ತಾನೇ ಇದ್ದರು. ಆಗ ಆ ದೋಣಿಯವರು ಅಂದದ್ದು ಇಷ್ಟು: "ಬಿಸಿಲು ನೋಡಿ ಮಾರಾಯ್ರೆ. ಅವು ಎದ್ದು ಹೋದ್ರೆ ಮೊಟ್ಟೆ ಅಲ್ಲೇ ಬೇಯ್ತಾವೆ."

ಆ ಶಾಟ್ ಪ್ರಸಾರ ಆಯ್ತು. "ಅದ್ಭುತ ವಿಷುವಲ್ಸ್" ಅಂತ ಎಲ್ಲರೂ ಹೊಗಳಿದರು. ಹಕ್ಕಿ ಗುಂಪು ಒಟ್ಟಿಗೆ ಮೇಲೇಳೋದು ನೋಡೋಕೆ ಚಂದ, ನಿಜ. ಆದರೆ ಅದು ಹಬ್ಬದ ಹಾರಾಟ ಅಲ್ಲ, ಮನೆಗೆ ಕಳ್ಳ ನುಗ್ಗಿದಾಗ ಹಾಕೋ ಬೊಬ್ಬೆ. ಅಷ್ಟು ಹೊತ್ತೂ ಮೊಟ್ಟೆಗಳ ಮೇಲೆ ನೆರಳಿಲ್ಲ. ಬೇಸಿಗೆಯಲ್ಲಿ ಆ ತಾಯಿ ಹಕ್ಕಿ ಮೊಟ್ಟೆ ಮೇಲೆ ಕೂರೋದು ಕಾವು ಕೊಡೋಕೆ ಮಾತ್ರ ಅಲ್ಲ, ಸುಡೋ ಬಿಸಿಲಿಂದ ತಪ್ಪಿಸೋಕೂ ಹೌದು. ಅವತ್ತು ನಮ್ಮಿಂದ ಎಷ್ಟು ಮೊಟ್ಟೆ ಹೋಯ್ತು ಅಂತ ನನಗೆ ಗೊತ್ತಿಲ್ಲ. ಗೊತ್ತಿಲ್ಲ ಅನ್ನೋದೇ ಇವತ್ತಿಗೂ ಚುಚ್ಚುತ್ತೆ.

ಈ ಹಕ್ಕಿಗೆ ಅಂಥಾ ಅಪಾಯ ಏನಿದೆ ಅಂತ ನೀವು ಕೇಳಬಹುದು. ಜಾಗತಿಕ ಮಟ್ಟದಲ್ಲಿ ಅಪಾಯದಲ್ಲಿರೋ ಜೀವಿಗಳ ಕೆಂಪು ಪಟ್ಟಿಯಲ್ಲಿ ರೀವ ಈಗ ದುರ್ಬಲ ಅನ್ನೋ ವರ್ಗಕ್ಕೆ ಸೇರಿದೆ. ಏಷ್ಯಾದ ದೊಡ್ಡ ನದಿಗಳಲ್ಲಿ ಮರಳು ದಿಬ್ಬಗಳೇ ಕಾಣೆಯಾಗ್ತಿವೆ. ಮರಳು ಗಣಿಗಾರಿಕೆ, ಅಣೆಕಟ್ಟು, ನಾಯಿ, ಜನರ ಓಡಾಟ, ಎಲ್ಲಾ ಸೇರಿಕೊಂಡಿವೆ. ಕಾಂಬೋಡಿಯಾದ ಮೆಕಾಂಗ್ ನದಿಯಲ್ಲಿ ಇವುಗಳ ಸಂಖ್ಯೆ ಎಷ್ಟು ಕುಸಿಯಿತು ಅಂದರೆ, ಗೂಡಿಗೆ ಕಾವಲು ಕೂರೋಕೆ ಅಲ್ಲಿನ ಹಳ್ಳಿಯವರನ್ನೇ ನೇಮಿಸಿ ಕೂಲಿ ಕೊಡಬೇಕಾಯ್ತು. ನಮ್ಮಲ್ಲಿ ಇನ್ನೂ ಆ ಸ್ಥಿತಿ ಬಂದಿಲ್ಲ. ಬರೋದಕ್ಕೆ ಮೊದಲು ಎಚ್ಚರ ಆಗಬೇಕು ಅನ್ನೋದಷ್ಟೇ ನನ್ನ ವಾದ.

ಹಕ್ಕಿಗೆ ಸಹಾಯ ಅಂದ ಕೂಡಲೇ ನಮಗೆ ನೆನಪಾಗೋದು ಕಾಳು ಹಾಕೋದು, ನೀರು ಇಡೋದು. ಶೃಂಗೇರಿಗೆ ಹೋದವರೆಲ್ಲಾ ತುಂಗೆಯ ಮೆಟ್ಟಿಲ ಮೇಲೆ ಕೂತು ಮೀನುಗಳಿಗೆ ಅಕ್ಕಿ, ಪುರಿ ಹಾಕಿದವರೇ. ಅಲ್ಲಿ ಮೀನು ಹಿಡಿಯಬಾರದು ಅಂತ ಪೊಲೀಸರು ನಿಲ್ಲಬೇಕಿಲ್ಲ, ಜನರ ಮನಸ್ಸೇ ಕಾವಲು. ಆ ಮನಸ್ಸು ಹಿನ್ನೀರಿಗೂ ಬೇಕು, ಆದರೆ ಕೆಲಸ ಬೇರೆ. ರೀವಕ್ಕೆ ನಿಮ್ಮ ಪುರಿ ಬೇಡ. ಅದಕ್ಕೆ ನಿಮ್ಮಿಂದ ಬೇಕಾಗಿರೋದು ದೂರ.

ಇದು ಸಾಧ್ಯವೇ? ಸಾಧ್ಯ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿಗೆ ಹೋಗಿ ನೋಡಿ. ಹೆಜ್ಜಾರ್ಲೆಗಳು, ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತಲೇ ಊರವರು ಅವುಗಳನ್ನ ನೋಡ್ತಾರೆ. 2007ರಲ್ಲಿ ಸರ್ಕಾರ ಅದನ್ನ ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿತು. ಆದರೆ ಊರಿನ ಪ್ರೀತಿ ಆ ಆದೇಶಕ್ಕಿಂತ ಬಹಳ ಹಳೆಯದು.

ದೂರ ಇರಿ ಅಂದೆ. ಹಾಗಂತ ಮನೆಯಲ್ಲೇ ಕೂತಿರಿ ಅಂತಲ್ಲ. ನೋಡಬೇಕು, ಎಣಿಸಬೇಕು. ಇಲ್ಲಿಂದ ನಿಜವಾದ ಕೆಲಸ ಶುರು.

2023ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ ಬಂತು. 942 ಜಾತಿಗಳ ಲೆಕ್ಕ. ಆ ಲೆಕ್ಕ ಕೊಟ್ಟವರು ಯಾರು? ಸುಮಾರು 30,000 ಹಕ್ಕಿ ವೀಕ್ಷಕರು. ಮೇಷ್ಟ್ರು, ಬ್ಯಾಂಕಿನವರು, ವಿದ್ಯಾರ್ಥಿಗಳು, ಕೃಷಿಕರು. ಅವರು ಇ-ಬರ್ಡ್ ಅನ್ನೋ ಆ್ಯಪ್‌ಗೆ ಹಾಕಿದ 3 ಕೋಟಿ ದಾಖಲೆಗಳಿಂದ ಆ ವರದಿ ತಯಾರಾಯ್ತು. ದೀರ್ಘಕಾಲದ ಏರಿಳಿತ ಲೆಕ್ಕ ಹಾಕೋಕೆ ಸಾಧ್ಯವಾದ ಜಾತಿಗಳಲ್ಲಿ ನೂರಕ್ಕೆ 60ರಷ್ಟು ಇಳಿಕೆಯಲ್ಲಿವೆ ಅಂತ ಗೊತ್ತಾಗಿದ್ದು ಹಾಗೆ. ನಮ್ಮ ರಾಜ್ಯಪಕ್ಷಿ ನೀಲಕಂಠವೂ ಕಡಿಮೆಯಾಗ್ತಿದೆ ಅಂತ ಗೊತ್ತಾಗಿದ್ದೂ ಹಾಗೆಯೇ. ತಂತಿ ಮೇಲೆ ದಿನಾ ಕಾಣ್ತಿದ್ದ ಹಕ್ಕಿ. ಒಂದೊಂದೇ ಕಡಿಮೆ ಆದರೆ ಯಾರ ಕಣ್ಣಿಗೆ ಬೀಳುತ್ತೆ? ಎಣಿಸಿದವರ ಕಣ್ಣಿಗೆ ಮಾತ್ರ.

ಹಾಗಾದ್ರೆ ಎಣಿಸೋದು ಹೇಗೆ? ಎಂಜಿನಿಯರಿಂಗ್ ಲ್ಯಾಬ್‌ನಲ್ಲಿ ನಮಗೆ ಹೇಳಿಕೊಟ್ಟ ಮೊದಲ ಪಾಠವೇ ಇಲ್ಲೂ ಪಾಠ. ಅದೇ ಜಾಗ, ಅದೇ ಹೊತ್ತು, ಅಷ್ಟೇ ನಿಮಿಷ. ಎನ್‌.ಆರ್‌.ಪುರದ ಹತ್ತಿರ ಹಿನ್ನೀರು ಕಾಣೋ ಒಂದು ಸಾರ್ವಜನಿಕ ಜಾಗ ಆರಿಸಿಕೊಳ್ಳಿ. ತಿಂಗಳಿಗೆ ಎರಡು ಭಾನುವಾರ, ಬೆಳಿಗ್ಗೆ ಆರೂವರೆಯಿಂದ ಅರ್ಧ ಗಂಟೆ. ಹತ್ತು ಜನ ಸಾಕು, ಒಂದು ಬೈನಾಕ್ಯುಲರ್ ಸಾಕು. ಎಷ್ಟು ರೀವ, ಎಷ್ಟು ನೀರುಕಾಗೆ, ಎಷ್ಟು ಬೆಳ್ಳಕ್ಕಿ, ಎಷ್ಟು ಮಿಂಚುಳ್ಳಿ ಅಂತ ಬರೆದುಕೊಳ್ಳಿ. ಪಕ್ಕದಲ್ಲಿ ಅವತ್ತಿನ ಡ್ಯಾಂ ಮಟ್ಟವನ್ನೂ ಬರೆಯಿರಿ, ಅದನ್ನ ನಮ್ಮ ಟಿವಿಯಲ್ಲೇ ನೋಡಿಕೊಳ್ಳಬಹುದು. ಒಂದೂ ಕಾಣದಿದ್ದರೆ ಸೊನ್ನೆ ಅಂತ ಬರೆಯಿರಿ. ಸೊನ್ನೆಯೂ ಮಾಹಿತಿಯೇ. ಐದು ವರ್ಷ ಹೀಗೆ ಮಾಡಿದರೆ, ನೀರಿಗೂ ಹಕ್ಕಿಗೂ ಏನು ಸಂಬಂಧ ಅಂತ ಅಧಿಕಾರಿಗಳ ಮುಂದೆ ಕಾಗದ ಇಟ್ಟು ಮಾತಾಡಬಹುದು.

ಕೊಪ್ಪ, ಶೃಂಗೇರಿಯವರಿಗೆ ಹಿನ್ನೀರು ದೂರ ಆಯ್ತಾ? ನಿಮಗೆ ತುಂಗೆ ಇದ್ದಾಳೆ, ಹಳ್ಳ ಇದೆ, ಅಡಿಕೆ ತೋಟ ಇದೆ. ಮಳೆಗಾಲದಲ್ಲಿ ತೀರ್ಥಹಳ್ಳಿ–ಶಿವಮೊಗ್ಗ ರಸ್ತೆಯ ಮಂಡಗದ್ದೆಗೆ ಹೋದರೆ, ತುಂಗೆಯ ನಡುವಿನ ಮರಗಳ ತುಂಬಾ ಬೆಳ್ಳಕ್ಕಿ, ನೀರುಕಾಗೆಗಳ ಸಂಸಾರ ರಸ್ತೆ ಬದಿಯಿಂದಲೇ ಕಾಣುತ್ತೆ. ನವೆಂಬರ್ 12 ಸಲೀಂ ಅಲಿ ಅವರ ಜನ್ಮದಿನ. ಆಗಿನ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದ ಮಹನೀಯರು ಅವರು. ಶಾಲೆಯವರು ಅವತ್ತು ಒಂದು ಸುತ್ತು ಹಾಕಿಸಬಹುದು. ಜನವರಿಯಲ್ಲಿ ಏಷ್ಯಾದ ನೀರುಹಕ್ಕಿ ಗಣತಿ, 1987ರಿಂದ ನಡೀತಿದೆ. ಫೆಬ್ರವರಿ ಮಧ್ಯದಲ್ಲಿ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್, ಹೆಸರೇ ಹೇಳುವಂತೆ ಹಿತ್ತಲ ಹಕ್ಕಿ ಎಣಿಕೆ. ಹದಿನೈದು ನಿಮಿಷ ಸಾಕು, ನಿಮ್ಮ ಹಿತ್ತಲೇ ಸಾಕು. ಹೆಸರು ಗೊತ್ತಿಲ್ಲ ಅಂತ ಹಿಂಜರಿಯಬೇಡಿ. ಪೂರ್ಣಚಂದ್ರ ತೇಜಸ್ವಿ ಅವರ 'ಕನ್ನಡ ನಾಡಿನ ಹಕ್ಕಿಗಳು' ಕೈಲಿ ಹಿಡಿದು ಹೊರಟರೆ ಮೊದಲ ದಿನವೇ ಹತ್ತು ಹೆಸರು ಬರುತ್ತೆ.

ಕೆಲವು ನಿಯಮ ಇರಲಿ. ಫೆಬ್ರವರಿಯಿಂದ ಮೇವರೆಗೆ ಗೂಡಿರೋ ದ್ವೀಪಕ್ಕೆ ಇಳಿಯೋದು ಬೇಡ, ದೋಣಿ ಹತ್ತಿರ ಒಯ್ಯೋದೂ ಬೇಡ. ಭದ್ರಾ ಹುಲಿ ಮೀಸಲು ಅರಣ್ಯದ ವ್ಯಾಪ್ತಿಗೆ ಅನುಮತಿ ಇಲ್ಲದೆ ಹೋಗಬೇಡಿ. ಡ್ರೋನ್ ಬೇಡ, ಮೊಬೈಲ್‌ನಲ್ಲಿ ಹಕ್ಕಿ ಕೂಗು ಹಾಕಿ ಕರೆಯೋದು ಬೇಡ. ಗೂಡಿನ ಫೋಟೋ, ಲೊಕೇಶನ್ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಬೇಡಿ. ನಾಯಿ ಮನೆಯಲ್ಲಿರಲಿ. ಬರುವಾಗ ದಡದಲ್ಲಿ ಬಿದ್ದ ಹರಿದ ಬಲೆ, ನೈಲಾನ್ ದಾರ, ಬಾಟಲಿ ಹೆಕ್ಕಿಕೊಂಡು ಬನ್ನಿ. ಬಲೆ ತುಂಡಿಗೆ ಸಿಕ್ಕಿದ ಹಕ್ಕಿ ಬಿಡಿಸಿಕೊಳ್ಳೋದು ಕಷ್ಟ.

ಇನ್ನೊಂದು ಮಾತು. ರಜೆ ಬಂದರೆ ಶೃಂಗೇರಿ, ಕೊಪ್ಪದವರು ಆಗುಂಬೆ ಘಾಟಿ ಇಳಿದು ಮಲ್ಪೆಗೆ ಹೋಗ್ತೀರಿ. ಚಳಿಗಾಲದಲ್ಲಿ ಅಲ್ಲಿನ ಮರಳ ಮೇಲೆ ಕಡಲಹಕ್ಕಿಗಳು ಗುಂಪಾಗಿ ಕೂತಿರ್ತವೆ. ಮಕ್ಕಳು "ಹೋ" ಅಂತ ಓಡಿ ಎಬ್ಬಿಸ್ತಾರೆ, ನಾವು ರೀಲ್ಸ್ ಮಾಡ್ತೀವಿ. ಅವು ಸಾವಿರಾರು ಕಿಲೋಮೀಟರ್ ಹಾರಿ ಬಂದಿರೋವು, ವಾಪಸ್ ಹಾರೋಕೆ ಮೈಯಲ್ಲಿ ಕೊಬ್ಬು ಕೂಡಿಡ್ತಿರೋವು. ಪ್ರತಿ ಸಲ ಎಬ್ಬಿಸಿದಾಗಲೂ ಆ ಉಳಿತಾಯದಿಂದ ನಾವು ಒಂದಿಷ್ಟು ಕಿತ್ತುಕೊಂಡಂತೆ. ಹಿನ್ನೀರಿನಲ್ಲಿ ಕಲಿತ ಪಾಠ ಕಡಲ ತೀರದಲ್ಲೂ ಅದೇ. ಮಗುವಿನ ಕೈ ಹಿಡಿದು ನಿಲ್ಲಿಸಿ, ಕೂರಿಸಿ, ಎಣಿಸೋಕೆ ಹೇಳಿ. ಓಡೋದಕ್ಕಿಂತ ಆ ಆಟ ಹೆಚ್ಚು ಹೊತ್ತು ಹಿಡಿಯುತ್ತೆ.

ಮುಂದಿನ ಮಳೆಗಾಲದಲ್ಲೂ ನಾನು ಇದೇ ಕುರ್ಚಿಯಲ್ಲಿ ಕೂತು ಭದ್ರಾ ಡ್ಯಾಂ ಇಷ್ಟು ಅಡಿ ಅಂತ ಓದ್ತೀನಿ. 186 ಮುಟ್ಟಿದ ದಿನ ಬಾಗಿನ ಅರ್ಪಣೆಯ ದೃಶ್ಯ ತೋರಿಸ್ತೀವಿ, ತೋರಿಸಲೇಬೇಕು. ಆದರೆ ಆ ನೀರು ಇಳಿಯೋ ಬೇಸಿಗೆಯಲ್ಲಿ ಎನ್‌.ಆರ್‌.ಪುರದಿಂದ ಯಾರಾದರೂ ಒಬ್ಬರು, "ಸಾರ್, ಈ ವಾರ ನಮ್ಮ ದಡದಿಂದ ಇಷ್ಟು ರೀವ ಎಣಿಸಿದ್ವಿ" ಅಂತ ಒಂದು ಅಂಕಿ ಕಳಿಸಿ. ನೀರಿನ ಅಂಕಿಯ ಪಕ್ಕದಲ್ಲೇ ಅದನ್ನೂ ಓಡಿಸ್ತೀನಿ. ಈ ಸಲ ಕ್ಲೋಸಪ್ ಕೇಳಲ್ಲ.