ಪೆನ್ ಓಡುತ್ತದೆ, ಒತ್ತಡ ಮಾತ್ರ ಇಲ್ಲ
ಪ್ರಶ್ನೆ: ಲಿನಕ್ಸ್‌ಗೆ ಡ್ರಾಯಿಂಗ್ ಟ್ಯಾಬ್ಲೆಟ್ ಜೋಡಿಸಿದರೆ ಬಾಣವೇನೋ ಚಲಿಸುತ್ತದೆ. ಎಷ್ಟೇ ಅದುಮಿದರೂ ಗೆರೆ ದಪ್ಪವಾಗದು. ಟ್ಯಾಬ್ಲೆಟ್ ಕೆಟ್ಟಿದೆಯೇ?
– ಓದುಗರೊಬ್ಬರು, ಕೊತ್ರೂಡ್, ಪುಣೆ

ಉತ್ತರ: ಕೆಟ್ಟಿರುವ ಸಾಧ್ಯತೆ ಕಡಿಮೆ. ಅಗ್ಗದ ಅನೇಕ ಟ್ಯಾಬ್ಲೆಟ್‌ಗಳು ಜೋಡಿಸಿದೊಡನೆ ಸಾಮಾನ್ಯ ಮೌಸ್‌ನಂತೆ ಪರಿಚಯಿಸಿಕೊಳ್ಳುತ್ತವೆ. ಹ್ಯುಯಾನ್ ಕಂಪನಿಯ ಹಲವು ಮಾದರಿಗಳಲ್ಲಿ ಯುಎಸ್‌ಬಿ ಮೂಲಕ 200ನೇ ಸಂಖ್ಯೆಯ ಸ್ಟ್ರಿಂಗ್ ಡಿಸ್ಕ್ರಿಪ್ಟರ್ (ಸಾಧನ ತನ್ನ ಬಗ್ಗೆ ಕೊಡುವ ಪಠ್ಯರೂಪದ ವಿವರ) ಕೇಳಿದಾಗಲೇ ಅವು ನಿಜರೂಪ ತೋರುವುದು. ಕೆಲವು ಹಳೆಯವುಗಳಲ್ಲಿ ಅದು 100. ಬಾಗಿಲಲ್ಲಿ ಗುಟ್ಟಿನ ಪದ ಹೇಳಿದಂತೆ! ಆ ಪದ ಹೇಳುವ ಕೆಲಸ ಲಿನಕ್ಸ್‌ನ ತಿರುಳಾದ ಕರ್ನಲ್‌ನ 'ಎಚ್‌ಐಡಿ-ಯುಸಿಲಾಜಿಕ್' ಡ್ರೈವರ್. ಡಿಜಿಮೆಂಡ್ ಯೋಜನೆಯ ಸ್ವಯಂಸೇವಕರು, ತಯಾರಕರು ಬಿಟ್ಟುಕೊಡದ ಈ ವಿವರಗಳನ್ನು ಸಾಧನಗಳನ್ನು ಕೆದಕಿ ಕಂಡುಕೊಂಡರು. ವ್ಯಾಕಮ್ ಕಂಪನಿಯ ಟ್ಯಾಬ್ಲೆಟ್‌ಗಳಿಗೆ ಕರ್ನಲ್‌ನಲ್ಲೇ ಬೇರೆ ಡ್ರೈವರ್ ಇದೆ, ತೊಂದರೆ ಕಡಿಮೆ.

ಎರಡನೆಯ ದಾರಿ ಕರ್ನಲ್‌ನ ಹೊರಗಿನದು. ಓಪನ್‌ಟ್ಯಾಬ್ಲೆಟ್‌ಡ್ರೈವರ್ ಎಂಬ ಉಚಿತ ತಂತ್ರಾಂಶ ಟ್ಯಾಬ್ಲೆಟ್‌ನ ಕಚ್ಚಾ ಮಾಹಿತಿಯನ್ನು ತಾನೇ ಓದಿ, ಕರ್ನಲ್‌ನ 'ಯೂಇನ್‌ಪುಟ್' ಸೌಲಭ್ಯದ ಮೂಲಕ ಕಾಲ್ಪನಿಕ ಪೆನ್ನೊಂದನ್ನು ಸೃಷ್ಟಿಸುತ್ತದೆ. ಹೊಸ ಮಾದರಿಗಳಿಗೆ ಒಳ್ಳೆಯದು, ಆದರೆ ಇದೂ ಯುಸಿಲಾಜಿಕ್ ಡ್ರೈವರೂ ಒಂದೇ ಸಾಧನಕ್ಕೆ ಕೈಹಾಕಿದರೆ ಜಗಳ ಖಚಿತ. 2023ರ ಲಿನಕ್ಸ್ 6.3ರಿಂದ ಎಚ್‌ಐಡಿ-ಬಿಪಿಎಫ್ ಎಂಬ ನಡುದಾರಿಯೂ ಇದೆ: ಡ್ರೈವರ್ ಬದಲಿಸದೆ ಪುಟ್ಟ ತಿದ್ದುಪಡಿ ಸೇರಿಸಬಹುದು.

ಮೊದಲು ಕರ್ನಲ್ ನವೀಕರಿಸಿ ನೋಡಿ. ಆಗಲಿಲ್ಲವೆಂದರೆ ಮಾತ್ರ ಓಪನ್‌ಟ್ಯಾಬ್ಲೆಟ್‌ಡ್ರೈವರ್ ಹಾಕಿಕೊಳ್ಳಿ. ಆಗ ಯುಸಿಲಾಜಿಕ್ ಡ್ರೈವರನ್ನು ನಿಷ್ಕ್ರಿಯಗೊಳಿಸಲು ಮರೆಯಬೇಡಿ.