ಮಳೆ ತಾರದ ಗಾಳಿ ಕಾರ್ಖಾನೆ ನಡೆಸುತ್ತಿದೆ!

ಆಷಾಢದಲ್ಲಿ ಒಮ್ಮೆ ಹೊಳಲ್ಕೆರೆ ತಾಲ್ಲೂಕಿನ ತಾಳ್ಯದ ಕಡೆ ಬಂದು ಹೊಲದ ಬದುವಿನ ಮೇಲೆ ನಿಂತು ನೋಡಿ. ಹೆಗಲ ಮೇಲೆ ಟವೆಲ್ ನಿಲ್ಲುವುದಿಲ್ಲ, ಆಡಿದ ಮಾತು ಪಕ್ಕದವರಿಗೆ ಕೇಳುವುದಿಲ್ಲ! ತಲೆಯ ಮೇಲೆ ಮೋಡ ಓಡುತ್ತಲೇ ಇರುತ್ತದೆ, ಹನಿ ಮಾತ್ರ ಉದುರದು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಸುರಿಸುವ ಅದೇ ಮುಂಗಾರು, ಮಲೆನಾಡಿನಲ್ಲೇ ನೀರೆಲ್ಲ ಚೆಲ್ಲಿ ಚಿತ್ರದುರ್ಗಕ್ಕೆ ಬರಿಗೈಯಲ್ಲಿ ಬರುತ್ತದೆ. ಇಲ್ಲಿ ಬೀಳುವುದು 600 ಮಿಲಿಮೀಟರ್ ಆಸುಪಾಸು. ರೈತರು ತಲೆಮಾರುಗಳಿಂದ ಬೈದುಕೊಂಡು ಬಂದ ಆ ಒಣಗಾಳಿಗೆ ಈಗ ಎಂಥ ಕೆಲಸ ಸಿಕ್ಕಿದೆ ನೋಡಿ!

ಚಿತ್ರದುರ್ಗದ ಜೋಗಿಮಟ್ಟಿ ಗುಡ್ಡಸಾಲಿನ ನೆತ್ತಿಯಲ್ಲಿ ಗಾಳಿಯಂತ್ರಗಳು ತಿರುಗುತ್ತಿವೆ. ಬಯಲು ಬಿಟ್ಟು ಗುಡ್ಡವನ್ನೇ ಆರಿಸಿದ್ದೇಕೆ? ಏರು ಹತ್ತುವ ಗಾಳಿ ನೆತ್ತಿಯಲ್ಲಿ ಇಕ್ಕಟ್ಟಿಗೆ ಸಿಕ್ಕಿ ವೇಗ ಹೆಚ್ಚಿಸಿಕೊಳ್ಳುತ್ತದೆ. ಬೆರಗು ಇರುವುದು ಇಲ್ಲೇ: ಗಾಳಿಯ ವೇಗ ಎರಡು ಪಟ್ಟಾದರೆ ಅದರ ಶಕ್ತಿ ಎರಡಲ್ಲ, ನಾಲ್ಕೂ ಅಲ್ಲ, ಎಂಟು ಪಟ್ಟು! ಆದರೆ ಅಷ್ಟನ್ನೂ ಕಸಿಯಲಾಗದು. ಗಾಳಿ ಪೂರ್ತಿ ನಿಂತುಬಿಟ್ಟರೆ ಹಿಂದಿನ ಗಾಳಿಗೆ ದಾರಿಯೆಲ್ಲಿ? ಹೆಚ್ಚೆಂದರೆ ಶೇ 59ರಷ್ಟು ಮಾತ್ರ ಸಿಗುತ್ತದೆ ಎಂದು ಜರ್ಮನಿಯ ಆಲ್ಬರ್ಟ್ ಬೆಟ್ಜ್ 1919ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು.

ಇನ್ನೂ ಸೋಜಿಗವೆಂದರೆ, ದೂರದ ಕಾರ್ಖಾನೆಯೊಂದು ಈ ಗುಡ್ಡದ ಗಾಳಿಯಲ್ಲಿ ಪಾಲುದಾರನಾಗಬಹುದು! 2003ರ ವಿದ್ಯುತ್ ಕಾಯ್ದೆ ಆ ಬಾಗಿಲು ತೆರೆಯಿತು. ಬಳಕೆದಾರರು ವಿದ್ಯುತ್ ಘಟಕದಲ್ಲಿ ಕನಿಷ್ಠ ಶೇ 26 ಪಾಲು ಹೊಂದಿ, ಉತ್ಪಾದನೆಯ ಶೇ 51ರಷ್ಟನ್ನಾದರೂ ತಾವೇ ಬಳಸಿದರೆ ಅದು ಸ್ವಂತ ವಿದ್ಯುತ್ತಿನ ಲೆಕ್ಕ. ಗುಡ್ಡದಲ್ಲಿ ಗ್ರಿಡ್ಡಿಗೆ ಹಾಕಿದ್ದನ್ನು ಬೆಂಗಳೂರಿನಲ್ಲಿ ತೆಗೆದುಕೊಳ್ಳಬಹುದು. ಕಲ್ಲಿದ್ದಲಿಲ್ಲ, ಹೊಗೆಯಿಲ್ಲ, ಲೇತ್ ಮಾತ್ರ ತಿರುಗುತ್ತಿರುತ್ತದೆ!

ಆಷಾಢ ಕಳೆದು ಗಾಳಿ ಇಳಿದರೆ? ಪಕ್ಕದ ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೌರ ಪಾರ್ಕ್ ಬೇಸಿಗೆಯ ಬಿಸಿಲಿಗಾಗಿ ಕಾದಿದೆ. ಮಳೆಗಾಲದಲ್ಲಿ ಗಾಳಿ ದುಡಿದಷ್ಟೂ ಜಲವಿದ್ಯುತ್ತಿಗೆ ಬೇಕಾದ ಲಿಂಗನಮಕ್ಕಿ ಜಲಾಶಯದ ನೀರನ್ನು ಮುಂದಕ್ಕೆ ಉಳಿಸಿಕೊಳ್ಳಬಹುದು. ಒಣನಾಡಿನ ಗಾಳಿ, ಬಯಲುಸೀಮೆಯ ಬಿಸಿಲು, ಮಲೆನಾಡಿನ ನೀರು ಸರದಿಯಂತೆ ಪಾಳಿ ಮಾಡುತ್ತವೆ! ಉಕ್ಕಿನಂಥ ಕಡುಹೊಗೆಯ ಉದ್ಯಮವೂ ಇತ್ತ ತಿರುಗಿದೆ. ತೋರಣಗಲ್ಲಿನ ಜೆಎಸ್‌ಡಬ್ಲ್ಯು ಕಾರ್ಖಾನೆ ನವೀಕರಿಸಬಹುದಾದ ವಿದ್ಯುತ್ತಿನಿಂದ ನೀರನ್ನು ಒಡೆದು ಉಕ್ಕು ತಯಾರಿಕೆಗೆ ಜಲಜನಕ ಪಡೆಯುವ ಹಾದಿ ಹಿಡಿದಿದೆ.

ಆದರೆ ಒಂದು ಮಾತು. ಗಾಳಿ ನಮ್ಮದು, ಗುಡ್ಡ ನಮ್ಮದು. ಕರೆಂಟು ತಂತಿ ಹಿಡಿದು ಊರಾಚೆ ಹೋಗುತ್ತದೆ, ಅದರ ಬೆನ್ನಿಗೇ ನಮ್ಮ ಹುಡುಗರೂ ಕೆಲಸ ಹುಡುಕಿ ಬೆಂಗಳೂರಿಗೆ ಹೋಗುತ್ತಾರೆ. ನಮ್ಮಲ್ಲೂ ಹೆದ್ದಾರಿಯಿದೆ, ರೈಲಿದೆ. ಹೊಗೆಯಿಲ್ಲದ ಕಾರ್ಖಾನೆಗಳು ಹೊಳಲ್ಕೆರೆ, ಹೊಸದುರ್ಗ, ಹಿರಿಯೂರಿಗೇ ಬರಲಿ. ಕಾಡು ಕಡಿಯದೆ, ಜಮೀನು ಕೊಟ್ಟವರಿಗೆ ನ್ಯಾಯದ ಬೆಲೆ ಕೊಟ್ಟು ಬರಲಿ. ಗಾಳಿ ಬೀಸುವ ಊರಿಗೇ ಕೆಲಸವೂ ಸಿಕ್ಕಾಗಲೇ ಅದನ್ನು ಹಸಿರು ಕೈಗಾರಿಕೆ ಎನ್ನೋಣ.