ಚುಚ್ಚುಮದ್ದಿನ ಬಿಲ್ಲು: ರೋಗಿಗಳು ತಿಳಿದಿರಬೇಕಾದ ಸಂಗತಿಗಳು

ವೈದ್ಯರು ರೋಗಿಯನ್ನು ಪರೀಕ್ಷಿಸಿ ಐದು ದಿನಗಳ ಚುಚ್ಚುಮದ್ದನ್ನು ಬರೆದುಕೊಡುತ್ತಾರೆ. ಎರಡನೆಯ ದಿನದಿಂದ ದಾದಿಯೇ ಅದನ್ನು ನೀಡುತ್ತಾರೆ; ವೈದ್ಯರ ಭೇಟಿ ಇರುವುದಿಲ್ಲ. ಪ್ರತಿದಿನವೂ ತೆರುವ ಹಣ ಯಾವುದಕ್ಕೆ ಸಲ್ಲುತ್ತದೆಂಬುದು ಅನೇಕರಿಗೆ ತಿಳಿದಿರುವುದಿಲ್ಲ.

ಇಂತಹ ಬಿಲ್ಲಿನಲ್ಲಿ ಸಾಮಾನ್ಯವಾಗಿ ನಾಲ್ಕು ಬಾಬುಗಳಿರಬಹುದು: ಔಷಧದ ಬೆಲೆ, ಸಿರಿಂಜು ಮತ್ತು ಸೂಜಿಯ ಬೆಲೆ, ಚುಚ್ಚುಮದ್ದು ನೀಡಿದ ಸೇವಾಶುಲ್ಕ ಹಾಗೂ ವೈದ್ಯರ ಸಮಾಲೋಚನಾ ಶುಲ್ಕ. ಮೊದಲಿನ ಎರಡಕ್ಕೆ ಕಾನೂನಿನ ಮಿತಿಯಿದೆ. ಉಳಿದ ಎರಡನ್ನು ಖಾಸಗಿ ಚಿಕಿತ್ಸಾಲಯಗಳು ಸಾಮಾನ್ಯವಾಗಿ ತಾವೇ ಗೊತ್ತುಪಡಿಸುತ್ತವೆ.

ಔಷಧ ಮತ್ತು ಸಿರಿಂಜು

2013ರ ಔಷಧ ಬೆಲೆ ನಿಯಂತ್ರಣ ಆದೇಶದ ಮೇರೆಗೆ, ಔಷಧವನ್ನು ಅದರ ಮೇಲೆ ಮುದ್ರಿಸಿರುವ ಬೆಲೆಗಿಂತ ಹೆಚ್ಚಿಗೆ ಮಾರತಕ್ಕದ್ದಲ್ಲ. ಮುದ್ರಿತ ಗರಿಷ್ಠ ಚಿಲ್ಲರೆ ಬೆಲೆಯಲ್ಲಿ ತೆರಿಗೆಗಳೂ ಸೇರಿರುತ್ತವೆ. ಅನುಸೂಚಿಯಲ್ಲಿರುವ ಅಗತ್ಯ ಔಷಧಗಳಿಗೆ ರಾಷ್ಟ್ರೀಯ ಔಷಧ ಬೆಲೆ ನಿರ್ಧಾರ ಪ್ರಾಧಿಕಾರವು ಗರಿಷ್ಠ ಮಿತಿಯನ್ನು ನಿಗದಿಪಡಿಸುತ್ತದೆ. ಔಷಧವನ್ನು ಬಿಡಿಯಾಗಿ ಮಾರಿದಲ್ಲಿ, ಆ ಪ್ರಮಾಣಕ್ಕೆ ತಕ್ಕ ಬೆಲೆಯನ್ನಷ್ಟೇ ಪಡೆಯಬೇಕು. ಸಿರಿಂಜನ್ನೂ ಮುದ್ರಿತ ಬೆಲೆಗಿಂತ ಹೆಚ್ಚಿಗೆ ಮಾರುವಂತಿಲ್ಲ. ಆದುದರಿಂದ ಸೀಸೆ ಮತ್ತು ಸಿರಿಂಜಿನ ಹೊದಿಕೆಯ ಮೇಲಿನ ಬೆಲೆಯನ್ನು ನೋಡಿಕೊಳ್ಳುವುದು ಒಳ್ಳೆಯದು.

ಸೇವಾಶುಲ್ಕ ಮತ್ತು ಸಮಾಲೋಚನಾ ಶುಲ್ಕ

ಖಾಸಗಿ ಚಿಕಿತ್ಸಾಲಯಗಳ ಸೇವಾಶುಲ್ಕಕ್ಕೆ ದೇಶಾದ್ಯಂತ ಒಂದೇ ದರವಿಲ್ಲ. ಚಿಕಿತ್ಸಾಲಯಗಳ ನೋಂದಣಿ ಕಾನೂನು ಸಹ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಿದೆ. 2010ರ ಕೇಂದ್ರ ಚಿಕಿತ್ಸಾ ಸಂಸ್ಥೆಗಳ ಅಧಿನಿಯಮವು ಜಾರಿಯಲ್ಲಿರುವ ಕಡೆ, ಸೇವೆಗಳ ದರಗಳನ್ನು ಸ್ಥಳೀಯ ಭಾಷೆ ಮತ್ತು ಇಂಗ್ಲಿಷಿನಲ್ಲಿ ಎಲ್ಲರಿಗೂ ಕಾಣುವಂತೆ ಪ್ರದರ್ಶಿಸಬೇಕೆಂದು 2012ರ ನಿಯಮಗಳು ವಿಧಿಸಿವೆ.

ವೈದ್ಯರು ಪರೀಕ್ಷಿಸದ ದಿನಗಳಲ್ಲಿ ಸೇವಾಶುಲ್ಕ ಮಾತ್ರವೇ ಅಥವಾ ಸಮಾಲೋಚನಾ ಶುಲ್ಕವೂ ಇದೆಯೇ ಎಂಬುದನ್ನು ಮೊದಲನೆಯ ದಿನವೇ ಕೇಳಿ ತಿಳಿದುಕೊಳ್ಳಬೇಕು. ಐದು ದಿನಗಳ ಚಿಕಿತ್ಸೆಯಲ್ಲಿ ಇದರಿಂದ ಆಗುವ ವ್ಯತ್ಯಾಸ ಅಲ್ಪವಲ್ಲ. ಚಿಕಿತ್ಸಾ ಸೇವೆಗೆ 2017ರಿಂದ ಸರಕು ಮತ್ತು ಸೇವಾ ತೆರಿಗೆಯ ವಿನಾಯಿತಿ ಇರುವುದರಿಂದ, ಈ ಎರಡು ಶುಲ್ಕಗಳ ಮೇಲೆ ಆ ತೆರಿಗೆಯನ್ನು ಸೇರಿಸುವಂತಿಲ್ಲ.

ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ಸೇರಿದ ಲಸಿಕೆಗಳನ್ನು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ನೀಡಲಾಗುತ್ತದೆ ಎಂಬುದನ್ನೂ ಮರೆಯಬಾರದು.

ದೂರು ಸಲ್ಲಿಸುವ ಬಗೆ

ಪ್ರತಿಯೊಂದು ಬಾಬನ್ನೂ ಬೇರೆ ಬೇರೆಯಾಗಿ ನಮೂದಿಸಿದ ಬಿಲ್ಲನ್ನು ಕೇಳಿ ಪಡೆಯಬೇಕು. ಔಷಧದ ಹೊದಿಕೆಯನ್ನೂ ಅದರೊಂದಿಗೆ ಇಟ್ಟುಕೊಳ್ಳಬೇಕು. ಹೆಚ್ಚು ಬೆಲೆ ಪಡೆದಿದ್ದಲ್ಲಿ ಇವೇ ಸಾಕ್ಷ್ಯಗಳು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಹಣ ಪಡೆದು ನೀಡುವ ವೈದ್ಯಕೀಯ ಚಿಕಿತ್ಸೆಯೂ ಗ್ರಾಹಕ ಕಾನೂನಿನ ಅರ್ಥದಲ್ಲಿ ಸೇವೆಯೇ ಎಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ತೀರ್ಪು ನೀಡಿದೆ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಪ್ರಕಾರ, ದೂರುದಾರರು ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಊರಿನಿಂದ ದೂರ, ಮುಂಬಯಿಯಲ್ಲೋ ಚೆನ್ನೈಯಲ್ಲೋ ನೆಲೆಸಿರುವವರಿಗೂ ಈ ಹಕ್ಕು ಸಮಾನವಾಗಿ ಅನ್ವಯಿಸುತ್ತದೆ.